ಗ್ಯಾರೇಜಿನೊಳಗೊಂದು ಹಗೇವು

ಅಮೆರಿಕದ ಓಕ್ಲಹೋಮಾ ರಾಜ್ಯದ ಮೂರ್ ಪಟ್ಟಣದಲ್ಲಿ ಎಷ್ಟೋ ಮನೆಗಳ ಗ್ಯಾರೇಜ್ ನೆಲದಲ್ಲಿ ಕಬ್ಬಿಣದ ಜಾರುಬಾಗಿಲು ಇರುತ್ತೆ. ಸುಂಟರಗಾಳಿ ಬಂದಾಗ ಮನೆಮಂದಿ ಅಡಗೋ ಜಾಗ ಅದು. ಗೆಳೆಯನ ಮನೆಯಲ್ಲಿ ಮೆಟ್ಟಿಲಿಳಿದು ನೋಡಿದೆ. ನಮ್ಮ ಕಡೆ ಜೋಳ ತುಂಬಿಡುತ್ತಿದ್ದ ಹಗೇವು ನೆನಪಾಯ್ತು.

2013ರ ಮೇ 20ರಂದು ಇಲ್ಲಿ ಬೀಸಿದ ಸುಂಟರಗಾಳಿಗೆ 24 ಜನ ಬಲಿಯಾದರು. ಅವರಲ್ಲಿ 7 ಮಕ್ಕಳು ಪ್ಲಾಜಾ ಟವರ್ಸ್ ಶಾಲೆಯವರು. ಆಗ ಆ ಶಾಲೆಯಲ್ಲಿ ಸುರಕ್ಷಿತ ಕೋಣೆ ಇರಲಿಲ್ಲ. ಮತ್ತೆ ಕಟ್ಟಿದಾಗ ಮಾಡಿಸಿದರು.

ಇಂಥ ನೆಲಮನೆ ಇಲ್ಲದವರು ಕೆಳಮಹಡಿಯ ನಡುಭಾಗದಲ್ಲಿ, ಕಿಟಕಿ ಇಲ್ಲದ ಚಿಕ್ಕ ಕೋಣೆ ಸೇರಬೇಕು. ಬಾತ್‌ರೂಮ್ ಆದರೂ ಸರಿ. ಬಗ್ಗಿ ಕೂತು ತಲೆ, ಕತ್ತು ಮುಚ್ಚಿಕೊಳ್ಳಬೇಕು. ಹೆಲ್ಮೆಟ್ ಇದ್ರೆ ಹಾಕ್ಕೊಳ್ಳಿ. ಹಾರಿಬರುವ ಹಲಗೆ, ಗಾಜುಗಳೇ ಹೆಚ್ಚು ಅಪಾಯ. ಕಿಟಕಿ ತೆರೆಯಲು ಹೋಗಬೇಡಿ. ದಾರಿಯಲ್ಲಿದ್ದರೆ ಮೇಲ್ಸೇತುವೆ ಕೆಳಗೆ ನಿಲ್ಲಲೇಬಾರದು, ಅಲ್ಲಿ ಗಾಳಿಯ ರಭಸ ಇನ್ನೂ ಜೋರು. 1999ರ ಮೇ 3ರಂದು ಓಕ್ಲಹೋಮಾದಲ್ಲಿ ಹಾಗೆ ನಿಂತವರಲ್ಲಿ ಮೂವರು ಸತ್ತರು.

ನಿಮ್ಮ ಮಕ್ಕಳು ಆ ಕಡೆ ಇದ್ದರೆ, ಫೋನಲ್ಲಿ ‘ಊಟ ಆಯ್ತಾ?’ ಅಂದಮೇಲೆ ‘ಸುಂಟರಗಾಳಿ ಬಂದ್ರೆ ಯಾವ ಕೋಣೆಗೆ ಹೋಗ್ತೀರ?’ ಅಂತಾನೂ ಕೇಳಿ.