ಗಬ್ಬರನ ತಟ್ಟೆ, ಅಜ್ಜಿಯ ಟೇಪು

ಮೈಸೂರು ರಸ್ತೆಯಲ್ಲಿ ರಾಮನಗರ ಸಮೀಪಿಸುತ್ತಿದ್ದಂತೆ ಬಂಡೆಗಳು ಎದ್ದು ನಿಲ್ಲುತ್ತವೆ. 1975ರಲ್ಲಿ ತೆರೆಕಂಡ ‘ಶೋಲೆ’ಯ ಗಬ್ಬರ್‌ಸಿಂಗ್ ಅಬ್ಬರಿಸಿದ್ದು ಇಲ್ಲಿನ ರಾಮದೇವರಬೆಟ್ಟದಲ್ಲೇ. ಜನ ಹಾಡಿನಷ್ಟೇ ಮಾತಿಗೂ ಮುಗಿಬಿದ್ದರು. ಪಾಲಿಡಾರ್ ಕಂಪನಿ ಸಂಭಾಷಣೆಯದೇ ಗ್ರಾಮಫೋನ್ ತಟ್ಟೆ ಹೊರತಂದಿತು. ಹೋಟೆಲು, ಬೀಡಾ ಅಂಗಡಿಗಳಲ್ಲಿ ಅದು ಸವೆಯುವಷ್ಟು ತಿರುಗಿತು.

ಅಂಥ ತಟ್ಟೆಯನ್ನು ಮನೆಯ ಕಂಪ್ಯೂಟರಿಗೆ ಇಳಿಸುವುದು ಬ್ರಹ್ಮವಿದ್ಯೆಯೇನಲ್ಲ. ಧೂಳು ತೆಗೆದು, ಸವೆಯದ ಸೂಜಿ ಹಾಕಿ, ಪ್ರಿ-ಆಂಪ್ಲಿಫೈಯರ್ ಮೂಲಕ ತಂತಿ ಜೋಡಿಸಿದರಾಯಿತು. ಆದರೆ ಅವಸರ ಸಲ್ಲದು. ಇಪ್ಪತ್ತು ನಿಮಿಷದ ಮಗ್ಗುಲಿಗೆ ಇಪ್ಪತ್ತು ನಿಮಿಷವೇ ಬೇಕು. ಚಿಟಪಟ ಸದ್ದನ್ನು ಪೂರಾ ಒರೆಸಲು ಹೊರಟರೆ ಮಾತಿನ ಮೊನೆಯೂ ಹೋಗುತ್ತದೆ. ಒರೆಸದ ಪ್ರತಿಯೊಂದನ್ನು ಬೇರೆಯೇ ಇಟ್ಟುಕೊಳ್ಳುವುದು ಜಾಣತನ.

ಗಬ್ಬರನಿಗೇನು ಭಯ! ಅವನ ತಟ್ಟೆ ಊರೂರಲ್ಲಿದೆ. ಚನ್ನಪಟ್ಟಣದ ಕಡೆಗೆ ತುಸು ಮುಂದೆ ಹೋದರೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಗುತ್ತದೆ. ಅಲ್ಲಿ ಕಾಯ್ದಿಡುವುದು ಬೇರೆಯೇ ದನಿಗಳನ್ನು. ರಾಗಿ ಬೀಸುತ್ತ ಹಾಡಿದ ಅಜ್ಜಿಯರ ದನಿಯನ್ನು ತಟ್ಟೆಗೇರಿಸಲು ಯಾವ ಕಂಪನಿಯೂ ಹುಡುಕಿ ಬರಲಿಲ್ಲ. ಊರೂರು ಅಲೆದವರ ಟೇಪಿಗೆ ಏರಿದ್ದಷ್ಟೇ ಉಳಿಯಿತು. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಸುರುಳಿ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ ಅದರ ಇನ್ನೊಂದು ಪ್ರತಿ ಸಿಗುವುದಿಲ್ಲ. ಮತ್ತೊಮ್ಮೆ ಹಾಡಲು ಅಜ್ಜಿಯೂ ಇಲ್ಲ.