ಬರೆದಿರಬಹುದು, ಬರೆಯಬಹುದಿತ್ತು

ಕನ್ನಡ ಸಾಹಿತ್ಯಚರಿತ್ರೆಯ ಆರಂಭಕಾಲದ ಸಂಶೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯಿತು. ರೈಸ್, ಫ್ಲೀಟ್, ಕೆ. ಬಿ. ಪಾಠಕ್ ಮೊದಲಾದವರ ಬರಹಗಳನ್ನು ಕನ್ನಡಕ್ಕೆ ತರುವ ವಿದ್ಯಾರ್ಥಿ ಪಾರಿಭಾಷಿಕ ಪದಗಳಿಗೆ ನಿಘಂಟು ನೋಡುತ್ತಾನೆ; ಸಹಾಯಕ ಕ್ರಿಯಾಪದಗಳನ್ನು ಮಾತ್ರ ಸುಲಭವೆಂದು ದಾಟಿಬಿಡುತ್ತಾನೆ. ಚರಿತ್ರೆ ಕೆಡುವುದು ಅಲ್ಲಿಯೇ.

ಗತಕಾಲದ ಊಹೆಯಲ್ಲಿ ‘ಮಸ್ಟ್ ಹ್ಯಾವ್’ ಎಂದರೆ ಆಧಾರವು ಬೇರೆ ದಾರಿಯನ್ನೇ ಬಿಟ್ಟಿಲ್ಲವೆಂದು ಅರ್ಥ. ‘ಮೈಟ್ ಹ್ಯಾವ್’ ಎಂದರೆ ಆಧಾರವು ಅಡ್ಡಬರುವುದಿಲ್ಲ, ಅಷ್ಟೇ. ಮೊದಲನೆಯದರ ನಿಷೇಧರೂಪ ‘ಕಾಂಟ್ ಹ್ಯಾವ್’. ಕನ್ನಡದಲ್ಲಿಯೂ ‘ಬರೆದಿರಬೇಕು’ ಎಂಬುದರ ಎದುರು ನಿಲ್ಲುವುದು ‘ಬರೆದಿರಬಾರದು’ ಅಲ್ಲ, ‘ಬರೆದಿರಲಾರ’. ಇಷ್ಟರವರೆಗೆ ಎರಡು ಭಾಷೆಗಳೂ ಜೊತೆಯಾಗಿ ನಡೆಯುತ್ತವೆ. ತೊಡಕು ‘ಕುಡ್ ಹ್ಯಾವ್’ ಎಂಬಲ್ಲಿದೆ. ಇಂಗ್ಲಿಷಿನ ಈ ಒಂದೇ ರೂಪಕ್ಕೆ ಕನ್ನಡದಲ್ಲಿ ಎರಡು ರೂಪಗಳು: ‘ಬರೆದಿರಬಹುದು’ ಎಂದರೆ ಪ್ರಶ್ನೆ ತೆರೆದಿದೆ, ‘ಬರೆಯಬಹುದಿತ್ತು’ ಎಂದರೆ ಬರೆಯಲಿಲ್ಲವೆಂದು ತೀರ್ಮಾನವಾಗಿದೆ. ಅನುವಾದಕ ಎರಡನೆಯದನ್ನು ಆರಿಸಿದರೆ ಸಂಶೋಧಕನ ಅನುಮಾನ ತೀರ್ಪಾಗಿ ಅಚ್ಚಾಗುತ್ತದೆ.

ಇನ್ನೊಂದು ಸೂಕ್ಷ್ಮ: ನಮ್ಮ ‘ಬೇಕು’ ಆಡುಮಾತಿನಲ್ಲಿ ಸಡಿಲವಾದುದು. ಬಾಗಿಲು ಸದ್ದಾದರೆ ‘ಯಾರೋ ಬಂದಿರಬೇಕು’ ಎನ್ನುತ್ತೇವೆ. ಬಂದದ್ದು ಗಾಳಿಯೂ ಆಗಿರಬಹುದು. ಆದ್ದರಿಂದ ‘ಮಸ್ಟ್ ಹ್ಯಾವ್’ ಎಂಬುದರ ಬಿಗಿಗೆ ಹಲವೊಮ್ಮೆ ‘ಬಂದಿರಲೇಬೇಕು’ ಎಂಬ ಅವಧಾರಣೆಯೇ ಅಗತ್ಯ.

‘ಕವಿರಾಜಮಾರ್ಗ’ದಲ್ಲಿ ಈ ಎಲ್ಲ ಮೆಟ್ಟಿಲುಗಳೂ ಕಾಣುತ್ತವೆ. ಒಂಬತ್ತನೆಯ ಶತಮಾನದ ಈ ಲಕ್ಷಣಗ್ರಂಥ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ ಶ್ರೀವಿಜಯ, ಕವೀಶ್ವರ ಮೊದಲಾದ ಪದ್ಯಕವಿಗಳನ್ನೂ ಹೆಸರಿಸುತ್ತದೆ. ಅವರ ಕೃತಿಗಳು ಉಳಿದಿಲ್ಲ. ಆದರೂ ಅದಕ್ಕೆ ಹಿಂದೆ ಕನ್ನಡದಲ್ಲಿ ಕಾವ್ಯಪರಂಪರೆ ಇದ್ದಿರಲೇಬೇಕು. ಲಕ್ಷ್ಯವಿಲ್ಲದೆ ಲಕ್ಷಣ ಹುಟ್ಟದು. ಆ ದುರ್ವಿನೀತನೇ ಗಂಗದೊರೆ ದುರ್ವಿನೀತ ಎಂಬುದಾದರೋ ‘ಇದ್ದಿರಬಹುದು’ ಎಂಬ ಮಟ್ಟದ್ದು. ಹೆಸರಿನ ಸಾಮ್ಯವನ್ನು ಮೀರಿ ಗ್ರಂಥ ಏನನ್ನೂ ಹೇಳುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಮಾತ್ರ ಅವನು ನಿಸ್ಸಂಶಯವಾಗಿ ಕನ್ನಡ ಗದ್ಯಕಾರ!

ಕರ್ತೃತ್ವದ ವಿಷಯ ಇದಕ್ಕಿಂತ ಗಂಭೀರವಾದುದು. 1898ರಲ್ಲಿ ಪಾಠಕರು ಈ ಗ್ರಂಥವನ್ನು ನೃಪತುಂಗನ ಹೆಸರಿನಲ್ಲಿ ಪ್ರಕಟಿಸಿದರು. ಗ್ರಂಥವಾದರೋ ತನ್ನನ್ನು ನೃಪತುಂಗನ ‘ಅನುಮತ’ ಎಂದು ಕರೆದುಕೊಳ್ಳುತ್ತದೆ; ‘ಕೃತ’ ಎನ್ನುವುದಿಲ್ಲ. ದೊರೆ ತನ್ನ ಕೃತಿಗೆ ತಾನೇ ಅನುಮತಿ ಕೊಟ್ಟುಕೊಂಡಿರಲಾರ ಎಂಬ ವಾದ ಇಲ್ಲಿಂದ ಹುಟ್ಟಿತು. ಆಸ್ಥಾನಕವಿ ಶ್ರೀವಿಜಯನೇ ಕರ್ತೃವೆಂಬ ಅಭಿಪ್ರಾಯ ಇಂದು ಹೆಚ್ಚು ಮನ್ನಣೆ ಪಡೆದಿದೆ. (ಹಿಂದಿನ ಕವಿಗಳ ಪಟ್ಟಿಯ ಶ್ರೀವಿಜಯನೂ ಇವನೂ ಒಬ್ಬನೇ ಎಂಬುದು ಮತ್ತೊಂದು ಸಿಕ್ಕು.) ‘ಅನುಮತ’ ಎಂಬ ಪದಕ್ಕೆ ‘ಅಭಿಪ್ರಾಯಕ್ಕೆ ಒಪ್ಪಿದ್ದು’ ಎಂಬ ಅರ್ಥವೂ ಇರುವುದರಿಂದ, ದೊರೆಯ ಕಾವ್ಯವಿಚಾರಗಳು ಇದರಲ್ಲಿ ಸೇರಿರಬಹುದು. ಹೀಗೆ ‘ಬರೆದಿರಲಾರ’ ಎಂಬುದರ ಪಕ್ಕದಲ್ಲಿಯೇ ಒಂದು ‘ಸೇರಿರಬಹುದು’ ಕೂಡ ನಿಲ್ಲುತ್ತದೆ. ಒಂದು ಅಂಕದ ಪ್ರಶ್ನೆಗೆ ಒಂದೇ ಹೆಸರು ಬರೆಯಬೇಕಾದ ವಿದ್ಯಾರ್ಥಿಗೆ ಇವೆರಡರಲ್ಲಿ ಯಾವುದಕ್ಕೂ ಜಾಗವಿಲ್ಲ.