ಅಟ್ಟಕ್ಕೂ ಬೇಕು ಒಪ್ಪಿಗೆ

ಪೂರ್ವ ಲಂಡನ್ನಿನ ವಾಲ್ತಮ್‌ಸ್ಟೋ ಬಡಾವಣೆಯ ಬೀದಿಗಳಲ್ಲಿ ಗೋಡೆಗೆ ಗೋಡೆ ಅಂಟಿಸಿ ನಿಂತ ಹಳೆಯ ಇಟ್ಟಿಗೆ ಮನೆಗಳದೇ ಸಾಲು. ಇಳಿಜಾರು ಸೂರಿನಲ್ಲಿ ಅಲ್ಲಲ್ಲಿ ಹೊಸ ಕಿಟಕಿಗಳು ಕಾಣುತ್ತವೆ. ಹಳೆಯ ಪೆಟ್ಟಿಗೆಗಳಿದ್ದ ಅಟ್ಟವೀಗ ಮಗಳು ಓದುವ ಕೋಣೆ. ಇಲ್ಲವೇ ಬಾಡಿಗೆಗಿರುವ ವಿದ್ಯಾರ್ಥಿಯ ಬಿಡಾರ.

ಫಜೀತಿ ಶುರುವಾಗುವುದು ಮನೆ ಮಾರುವಾಗ. ಕೊಳ್ಳುವವರ ವಕೀಲರು ಅಟ್ಟದ ಕೋಣೆಗೆ ಕಟ್ಟಡ ನಿಯಮದ ಪ್ರಮಾಣಪತ್ರ ಎಲ್ಲಿ ಎಂದು ಕೇಳುತ್ತಾರೆ. ಸಾಲುಮನೆಯ ಸೂರನ್ನು 40 ಘನ ಮೀಟರ್‌ವರೆಗೆ ಹಿಗ್ಗಿಸಲು ಸಾಮಾನ್ಯವಾಗಿ ಯೋಜನಾ ಅನುಮತಿ ಬೇಕಿಲ್ಲ, ನಿಜ. ಕಟ್ಟಡ ನಿಯಮದ ಬಾಬತ್ತೇ ಬೇರೆ. ಹಳೆಯ ತೊಲೆಗಳನ್ನು ಇಟ್ಟದ್ದು ಕೆಳಗಿನ ಚಾವಣಿ ಹಿಡಿದಿಡಲು, ಮಂಚ-ಮೇಜು ಹೊರಲು ಅಲ್ಲ. ಅಡುಗೆಮನೆಗೆ ಬೆಂಕಿ ಬಿದ್ದರೆ ಅಷ್ಟು ಮೇಲೆ ಮಲಗಿದವರು ಕಿಟಕಿಯಿಂದ ಹಾರುವಂತಿಲ್ಲ, ಮೆಟ್ಟಿಲೊಂದೇ ದಾರಿ. ಅದಕ್ಕೇ ಆ ದಾರಿಗೆ ಅರ್ಧ ಗಂಟೆ ಬೆಂಕಿ ತಡೆಯುವ ಬಾಗಿಲು, ಹೊಗೆ ಕಂಡರೆ ಕೂಗುವ ಗಂಟೆ. 1666ರ ಮಹಾ ಬೆಂಕಿಯಲ್ಲಿ ಬೆಂದ ಮೇಲೆ ಮನೆಗಳನ್ನು ಇಟ್ಟಿಗೆ, ಕಲ್ಲಿನಲ್ಲೇ ಕಟ್ಟಬೇಕೆಂದು ಕಾಯಿದೆ ಮಾಡಿದ ಊರು ಲಂಡನ್!

1985ರ ನವೆಂಬರ್ 11ರಿಂದೀಚೆಗಿನ ಕೆಲಸವನ್ನು ಸ್ಥಳೀಯ ಆಡಳಿತಕ್ಕೆ ಶುಲ್ಕ ಕಟ್ಟಿ ಸಕ್ರಮಗೊಳಿಸಬಹುದು. ಬರೀ ಹಣ ಕಟ್ಟಿದರೆ ಮುಗಿಯದು. ಇನ್‌ಸ್ಪೆಕ್ಟರ್ ಕೇಳಿದರೆ ಬಣ್ಣ ಬಳಿದ ಗೋಡೆ ಬಿಚ್ಚಿ, ನೆಲದ ಹಲಗೆ ಎಬ್ಬಿಸಿ ತೊಲೆ ತೋರಿಸಬೇಕು. ಹಲವರು ವಿಮೆಯ ಒಳದಾರಿ ಹಿಡಿಯುತ್ತಾರೆ. ಆಡಳಿತ ಕ್ರಮ ಕೈಗೊಂಡರೆ ಆಗುವ ನಷ್ಟವನ್ನು ಅದು ತುಂಬೀತು. ದುರ್ಬಲ ತೊಲೆಯನ್ನು ಗಟ್ಟಿ ಮಾಡದು. ಒಪ್ಪಿಗೆ ಸಿಗದ ಕೋಣೆಯನ್ನು ಮಾರಾಟದ ಜಾಹೀರಾತಿನಲ್ಲಿ ದಲ್ಲಾಳಿಗಳು ಸಾಮಾನ್ಯವಾಗಿ ಮಲಗುವ ಕೋಣೆಗಳ ಲೆಕ್ಕಕ್ಕೆ ಸೇರಿಸದೆ, ‘ಅಟ್ಟದ ಕೋಣೆ’ ಎಂದಷ್ಟೇ ಬರೆಯುತ್ತಾರೆ.